ನಮ್ಮ ಮುಂದಿನ ಕೋಣೆಯ ಆವೃತ್ತಿಯನ್ನು ಕುರಿತು

ಆವೃತ್ತಿ ವಿಂಗಡಣೆಯ ಮುಖ್ಯಾಧಿಕಾರಿಗಳಿಗೆ,
(ಹೋಮ್ ಮತ್ತು ಪ್ರೊಫೆಷನಲ್ ಎಂದು ಜಗತ್ತನ್ನು ಎರಡೇ ಭಾಗ ಮಾಡಿರುವ ಆಪರೇಟಿಂಗ್ ಸಿಸ್ಟಂ ಸಂಸ್ಥೆ)
ಸಮುದ್ರದಾಚೆ.

ಮಾನ್ಯರೇ,

ತಾವೂ ತಮ್ಮ ಕುಟುಂಬದವರೂ ತಮ್ಮ ಸರ್ವರ್‌ಗಳೂ ತಂಪಾದ ಜಾಗದಲ್ಲಿ ಸುಖವಾಗಿರುವಿರೆಂದು ನಂಬಿ, ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಿಂದ ಶಿವರಂಜಿನಿ ಎಂಬ ನಾನು ಮಾಡುವ ನಮಸ್ಕಾರಗಳು. ನಮ್ಮ ಕಡೆಯೂ ಎಲ್ಲರೂ ಕ್ಷೇಮ ಎಂದು ಬರೆಯುವುದು ಪತ್ರದ ಪದ್ಧತಿ. ತಮ್ಮ ಪ್ರಶ್ನೆ ನಮ್ಮ ಮನೆಗೆ ಬಂದಿಳಿಯುವವರೆಗೆ ಅದು ಸುಮಾರಾಗಿ ನಿಜವೂ ಆಗಿತ್ತು.

ಮೊದಲು ನನ್ನ ಪರಿಚಯ. ನಾನು ಲಗ್ನಪತ್ರಿಕೆ ಮಾಡುವವಳು. ಪೇಟೆಯ ಮುದ್ರಣದವರು ಕಳಿಸುವ ಕೈಬರಹದ ಚೀಟಿಗಳನ್ನು ಕಂಪ್ಯೂಟರಿನಲ್ಲಿ ಅಕ್ಷರಕ್ಕಿಳಿಸಿ, ಮೇಲೆ ಅವರವರ ಮನೆದೇವರನ್ನು ಕೂರಿಸಿ, ಕೆಳಗೆ ‘ಸುಖಾಗಮನ ಬಯಸುವವರು’ ಎಂಬ ಸಾಲಿನಡಿ ಎರಡೂ ಕಡೆಯ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವಂದಿರನ್ನು ಯಾರಿಗೂ ತಾನು ಇನ್ನೊಬ್ಬರಿಗಿಂತ ಕೆಳಗಿದ್ದೇನೆ ಎನ್ನಿಸದ ಹಾಗೆ ಜೋಡಿಸುವುದು ನನ್ನ ಕೆಲಸ. ಇದನ್ನು ಮಾಡುವುದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ರಸ್ತೆಗೆ ತೆರೆಯುವ ಒಂದು ಕಿಟಕಿ, ಒಂದು ಮೇಜು, ಬಂದವರು ಕುಳಿತು ತಮ್ಮ ಬೀಗರನ್ನು ಬೈಯಲು ಒಂದು ಬೆಂಚು, ಮತ್ತು ಫೈಲು ತೆರೆದುಕೊಳ್ಳುವಷ್ಟರಲ್ಲಿ ಒಂದೊಂದು ಪುಟ ಓದಲು ನಾನಿಟ್ಟುಕೊಂಡಿರುವ ಅನುವಾದಿತ ಕಾದಂಬರಿಗಳು, ಇಷ್ಟೇ ಅಲ್ಲಿರುವುದು. ನಾನು ಅಲ್ಲಿ ಮಾಡುವುದು ಉದ್ಯೋಗವೋ ಅಲ್ಲವೋ ಎಂದು ಮನೆಯಲ್ಲಿ ಯಾರೂ ಎಂದೂ ಕೇಳಿದವರಲ್ಲ. ನನ್ನ ಅತ್ತೆ ಕಲ್ಯಾಣಮ್ಮನವರು ಪಕ್ಕದ ಮನೆಯವರಿಗೆ “ಒಳಗೆ ಕೂತು ಏನೋ ಒತ್ತುತ್ತಾ ಇರ್ತಾಳೆ” ಎಂದು ಹೇಳುತ್ತಿದ್ದರು; ಅದರಲ್ಲಿ ಸುಳ್ಳೇನೂ ಇಲ್ಲದ ಕಾರಣ ನಾನೂ ತಿದ್ದಲು ಹೋಗಿರಲಿಲ್ಲ. ನಾವು ಇಷ್ಟು ಕಾಲ ನೆಮ್ಮದಿಯಾಗಿದ್ದುದು ಈ ಒಂದು ಪ್ರಶ್ನೆಯನ್ನು ಯಾರೂ ಕೇಳದೆ ಇದ್ದುದರಿಂದ ಎಂಬುದು, ತಾವು ಕೇಳಿದ ಮೇಲೆ ತಿಳಿಯಿತು.

ಈ ನಡುವೆ ನನ್ನ ಮೈದುನ ಬಸವಪ್ರಭು ಒಂದು ಮಸಾಜ್ ಕುರ್ಚಿ ಕೊಂಡು ತಂದಿದ್ದ. ಅದು ಕುರ್ಚಿ ಎನ್ನುವುದಕ್ಕಿಂತ ಕೈಕಾಲು ಬಂದ ಒಂದು ಪುಟ್ಟ ವ್ಯಾನು. ಹಜಾರದಲ್ಲಿ ಅದನ್ನಿಟ್ಟ ಮೇಲೆ ದೇವರ ಮನೆಗೆ ಹೋಗುವವರು ಅಡ್ಡಡ್ಡಲಾಗಿ ನಡೆಯಬೇಕಾಯಿತು. ಅದಕ್ಕೆ ಒಂದು ಕೋಣೆ ಬೇಕು, ಆ ಕೋಣೆ ಮುಂದಿನದೇ ಆಗಬೇಕು, ಅಲ್ಲಾದರೆ ಗಾಳಿ ಬರುತ್ತದೆ ಎಂದು ಅವನು ಆಗಾಗ ಸೂಚಿಸುತ್ತಿದ್ದ. ಆದರೆ ಅವನ ಬಳಿ ವಾದವಿರಲಿಲ್ಲ. ವಾದವನ್ನು ಒದಗಿಸಿದವರು ತಾವು.

ನನ್ನ ಹಳೆಯ ಕಂಪ್ಯೂಟರು ಮಾಘಮಾಸದ ಮದುವೆಗಳ ಭಾರ ಹೊರಲಾರದೆ ನಿಂತುಹೋದಾಗ, ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ವಸಿಷ್ಠ ಅವರಿಗೆ ಹೊಸದೊಂದನ್ನು ಸಿದ್ಧಮಾಡಿ ಕೊಡಲು ಹೇಳಿದ್ದೆ. ಅವರು ಕರೆ ಮಾಡಿದಾಗ ನನ್ನ ಎರಡೂ ಕೈ ಅಕ್ಕಿರೊಟ್ಟಿಯ ಹಿಟ್ಟಿನಲ್ಲಿದ್ದುದರಿಂದ ಮೊಣಕೈಯಿಂದ ಫೋನಿನ ಸ್ಪೀಕರ್ ಒತ್ತಿದೆ. ಇಡೀ ಮನೆಗೆ ಕೇಳುವ ಹಾಗೆ ಅವರು “ಮೇಡಂ, ಹೋಮ್ ಹಾಕ್ಲಾ, ಪ್ರೊಫೆಷನಲ್ ಹಾಕ್ಲಾ? ಬೇಗ ಹೇಳಿಬಿಡಿ, ಇನ್ನೊಂದನ್ನ ಬಿಚ್ಚಿಟ್ಕೊಂಡು ಕೂತಿದೀನಿ” ಎಂದರು. ದೇವರ ಮನೆಯಿಂದ ಅತ್ತೆ “ಮನೇಲಿಡೋದಲ್ವೇನಪ್ಪಾ? ಮನೇದೇ ಹಾಕು” ಎಂದರು. ಮಸಾಜ್ ಕುರ್ಚಿ ಅವನ ಬೆನ್ನನ್ನು ನಾದುತ್ತಿದ್ದ ಕಾರಣ ನಡುಗುವ ದನಿಯಲ್ಲಿ ಬಸವಪ್ರಭು “ಹೋಮ್ ಸಾಕು ಅತ್ತಿಗೇ, ಹೋಮ್ ಆದ್ರೆ ಗ್ರೈಂಡರ್ ಪಕ್ಕದಲ್ಲೂ ಇಟ್ಕೋಬಹುದು, ಮುಂದಿನ ರೂಮು ಖಾಲಿ ಆಗುತ್ತೆ” ಎಂದ. ನನ್ನ ಪತಿ ವಿಶ್ವಾರಾಧ್ಯರು “ಎರಡೂ ಒಂದೇ ಅಲ್ವಾ?” ಎಂದು ಹೇಳಿ ಸ್ನಾನಕ್ಕೆ ಹೋದರು. ನನಗೂ ಒಂದು ಅಭಿಪ್ರಾಯವಿತ್ತು. ಆದರೆ ಅಷ್ಟರಲ್ಲಿ ವಸಿಷ್ಠ ಅವರು, ಇಂಥ ಅನೇಕ ಮನೆಗಳನ್ನು ಫೋನಿನಲ್ಲಿ ಕೇಳಿರುವವರ ದಯೆಯಿಂದ, “ಪರವಾಗಿಲ್ಲ ಮೇಡಂ, ಎಲ್ರೂ ಕೂತು ಮಾತಾಡ್ಕೊಂಡು ಹೇಳಿ” ಎಂದು ಕರೆ ಮುಗಿಸಿದರು.

ಹೀಗೆ ಕಂಪ್ಯೂಟರಿನ ಆವೃತ್ತಿ ಯಾವುದೋ ಆ ಪ್ರಕಾರವೇ ಮುಂದಿನ ಕೋಣೆ ಯಾರದೆಂಬುದು ತೀರ್ಮಾನವಾಗತಕ್ಕದ್ದು ಎಂದು ರೊಟ್ಟಿ ಬೇಯುವಷ್ಟರಲ್ಲಿ ನಿಶ್ಚಯವಾಯಿತು. ಹೋಮ್ ಆದರೆ ನಾನು ಗ್ರೈಂಡರಿನ ಪಕ್ಕಕ್ಕೆ, ಪ್ರೊಫೆಷನಲ್ ಆದರೆ ಕುರ್ಚಿ ಹಜಾರದಲ್ಲಿ. ನಮ್ಮ ಮನೆಯಲ್ಲಿ ಇಷ್ಟು ಸ್ಪಷ್ಟವಾದ ನಿರ್ಣಯ ಹಿಂದೆಂದೂ ಆಗಿರಲಿಲ್ಲ. ಇದಕ್ಕಾಗಿ ತಮ್ಮನ್ನು ಮನಸಾರೆ ಅಭಿನಂದಿಸುತ್ತೇನೆ.

ಆ ಭಾನುವಾರ ತಿಂಡಿಯಾದ ಮೇಲೆ, ತಾವು ಪ್ರಕಟಿಸಿರುವ ಎರಡೂ ಆವೃತ್ತಿಗಳ ಹೋಲಿಕೆಪಟ್ಟಿಯನ್ನು ನನ್ನ ಪತಿ ಹಜಾರದಲ್ಲಿ ಗಟ್ಟಿಯಾಗಿ ಓದಿ, ಕನ್ನಡದಲ್ಲಿ ವಿವರಿಸಿದರು. ಬೇರೆ ಊರಿನಲ್ಲಿ ಕುಳಿತವರು ಈ ಯಂತ್ರದೊಳಗೆ ಬಂದು ಅದನ್ನು ನಡೆಸುವ ಸೌಲಭ್ಯ ಪ್ರೊಫೆಷನಲ್‌ನಲ್ಲಿ ಮಾತ್ರ ಉಂಟು, ಹೋಮ್‌ನಲ್ಲಿ ಇಲ್ಲ ಎಂದು ತಾವು ಬರೆದಿದ್ದೀರಿ. ದಾವಣಗೆರೆಯಲ್ಲಿರುವ ನನ್ನ ನಾದಿನಿ ಪ್ರತಿದಿನ ಬೆಳಿಗ್ಗೆ ವಿಡಿಯೊ ಕರೆಯಲ್ಲಿ ಬಂದು ನಮ್ಮ ಸಾರಿಗೆ ಎಷ್ಟು ಹುಣಸೆಹುಳಿ ಎಂಬುದನ್ನು ನಿರ್ಧರಿಸುತ್ತಾರೆ, ಕಳೆದ ವಾರ ಅಲ್ಲಿಂದಲೇ ನಮ್ಮ ಫ್ರಿಜ್ ಸ್ವಚ್ಛಗೊಳಿಸಿದರು ಎಂಬುದನ್ನು ತಮ್ಮ ಗಮನಕ್ಕೆ ವಿನಯಪೂರ್ವಕವಾಗಿ ತರುತ್ತೇನೆ. ಒಬ್ಬ ಆಡಳಿತಗಾರರು ಕುಳಿತಲ್ಲಿಂದಲೇ ಉಳಿದವರೆಲ್ಲ ಏನು ಮಾಡಬಹುದು, ಏನು ಮಾಡಕೂಡದು ಎಂದು ವಿಧಿಸುವ ವ್ಯವಸ್ಥೆಯೂ ಹೋಮ್‌ನಲ್ಲಿ ಇಲ್ಲವಂತೆ. ಇದನ್ನು ಕೇಳಿದ ಅತ್ತೆ “ಪಾಪ, ಇದನ್ನ ಬರೆದೋರ ಮನೇಲಿ ಅತ್ತೆ ಇಲ್ವೇನೋ” ಎಂದು ಮರುಗಿದರು. ಆ ಮರುಕವನ್ನು ತಮಗೆ ತಲುಪಿಸುವುದು ನನ್ನ ಕರ್ತವ್ಯ.

ಆಮೇಲೆ ಬೀಗದ ವಿಷಯ ಬಂತು. ಇಡೀ ಡಿಸ್ಕಿಗೆ ಬೀಗ ಹಾಕುವ ಏರ್ಪಾಡು ಪ್ರೊಫೆಷನಲ್‌ಗೆ ಮಾತ್ರ ಎಂದು ಓದಿದ್ದೇ ತಡ, ಎಲ್ಲರೂ ನನ್ನತ್ತ ತಿರುಗಿದರು. “ಬೀಗ ಯಾಕಂತೆ ಇವಳಿಗೆ? ನಾವೇನು ಕದ್ಕೊಂಡು ಹೋಗ್ತೀವಾ?” ಎಂದು ಅತ್ತೆ ನನ್ನನ್ನು ಬಿಟ್ಟು ಉಳಿದವರನ್ನು ಕೇಳಿದರು. ಲಗ್ನಪತ್ರಿಕೆ ಅಚ್ಚಾಗುವ ಮೊದಲು ಯಾರ ಹೆಸರು ಸೇರಿಸಿ ಯಾರ ಹೆಸರು ಕೈಬಿಟ್ಟರೆಂಬುದು ಹೊರಗೆ ಹೋಗಬಾರದು, ಅದು ಗಿರಾಕಿಗಳ ಗುಟ್ಟು ಎಂದು ನಾನು ವಿವರಿಸಿದೆ. ಅತ್ತೆ ಒಪ್ಪಿ, ತಾವು ಕೂತಿದ್ದ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ, “ಯಾರದು ಬಿಟ್ಟಿದಾರೆ?” ಎಂದರು.

ಅನುವಾದವನ್ನು ಓದಿ ಅಭ್ಯಾಸವಿರುವ ನನ್ನಂಥವರಿಗೆ ಒಂದು ನಿರೀಕ್ಷೆಯಿರುತ್ತದೆ: ಬೇರೆ ಊರಿನ ಬದುಕು ನಮ್ಮ ಊರಿಗೆ ಬಂದಾಗ ಪುಟದ ಕೆಳಗೆ ಅಡಿಟಿಪ್ಪಣಿಯೊಂದು ಇರುತ್ತದೆ, ಅದನ್ನು ನೋಡಿದರೆ ಅಲ್ಲಿ ಜನ ಹೇಗೆ ಬಾಳುತ್ತಾರೆಂಬುದು ಗೊತ್ತಾಗುತ್ತದೆ. ತಮ್ಮ ಪಟ್ಟಿಗೆ ಅಡಿಟಿಪ್ಪಣಿ ಇಲ್ಲ. ಯಾವ ದೇಶದಲ್ಲಿ ಮನೆಯೆಂದರೆ ಬೀಗವಿಲ್ಲದ, ಹೊರಗಿನವರು ಒಳಬಾರದ, ಯಾರೂ ಯಾರನ್ನೂ ಆಳದ ಜಾಗವೋ ಆ ದೇಶದ ಹೆಸರನ್ನಾದರೂ ತಿಳಿಸಿದರೆ ಉಪಕಾರವಾಗುತ್ತಿತ್ತು. ಟಿಕೆಟ್ಟಿನ ವಿಚಾರವನ್ನು ನಾವೇ ನೋಡಿಕೊಳ್ಳುತ್ತೇವೆ.

ಪಟ್ಟಿಯಿಂದ ಏನೂ ಇತ್ಯರ್ಥವಾಗಲಿಲ್ಲವಾಗಿ ಬಸವಪ್ರಭು ಹೊಸ ಸಲಹೆ ಕೊಟ್ಟ. ವಸಿಷ್ಠ ಅವರು ತಾತ್ಕಾಲಿಕವಾಗಿ ಕೊಟ್ಟಿದ್ದ ಹಳೆಯ ಯಂತ್ರದಲ್ಲಿ ನಾನು ಒಂದು ದಿನ ಕೆಲಸ ಮಾಡಬೇಕು. ಅತ್ತೆ ಬಾಗಿಲಲ್ಲಿ ಕುಳಿತು ನೋಡಬೇಕು. ನಾನು ಮಾಡುವುದು ಆಫೀಸಿನ ಕೆಲಸದಂತೆ ಕಂಡರೆ ಪ್ರೊಫೆಷನಲ್, ಮನೆಗೆಲಸದಂತೆ ಕಂಡರೆ ಹೋಮ್. ಅತ್ತೆಗೆ ಇದು ಹಿಡಿಸಿತು. ಸೋಮವಾರ ಬೆಳಿಗ್ಗೆ ಅವರು ಒಂದು ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಬಾಗಿಲಲ್ಲಿ ಕುಳಿತು, “ನಾನು ತುಟಿ ಪಿಟಕ್ ಅನ್ನಲ್ಲ ಕಣೇ, ನೀನು ನಿನ್ನ ಪಾಡಿಗೆ ಮಾಡ್ಕೋ” ಎಂದರು.

ತಮ್ಮ ಸಂಸ್ಥೆಯಲ್ಲಿ ಯಾರಾದರೂ ತುಟಿ ಪಿಟಕ್ ಅನ್ನುವುದಿಲ್ಲವೆಂದು ಮಾತುಕೊಟ್ಟು ಪಕ್ಕದಲ್ಲಿ ಕುಳಿತದ್ದುಂಟೋ ಇಲ್ಲವೋ ತಿಳಿಯದು. ಅವತ್ತು ನಾನು ಮಾಡುತ್ತಿದ್ದುದು ಗವಿಪುರದ ಹುಡುಗಿಗೂ ಬಿನ್ನಿಪೇಟೆಯ ಹುಡುಗನಿಗೂ ನಡೆಯಲಿದ್ದ ಮದುವೆಯ ಪತ್ರಿಕೆ. ಸುಖಾಗಮನ ಬಯಸುವವರು ಅಸಂಖ್ಯರಿದ್ದರು. ಗ್ಯಾಸಿನವನು ಬಂದ, ಎದ್ದೆ. ಕೊರಿಯರಿನವನು ಬಂದ, ಎದ್ದೆ. ಪಕ್ಕದ ಮನೆಯ ನಾರಾಯಣಮ್ಮನವರು ‘ಕಂಪ್ಯೂಟರಿಗೆ ಪರೀಕ್ಷೆಯಂತೆ’ ಎಂದು ಕೇಳಿ ನೋಡಲು ಬಂದರು, ಅವರಿಗೆ ಕಾಫಿ ಮಾಡಲು ಎದ್ದೆ. ನಾನು ಬಂದು ಕುಳಿತು ‘ಶ್ರೀಮತಿ’ ಎಂದು ಹೊಡೆಯುವಷ್ಟರಲ್ಲಿ ಅತ್ತೆ, ಅವರೆಕಾಳಿನ ಮೇಲಿಂದ ಕಣ್ಣು ತೆಗೆಯದೆ, “ಗಸಗಸೆ ಮುಗಿದಿದೆ ಕಣೇ, ಮರೆತುಬಿಡ್ತೀಯ, ಈಗ್ಲೇ ಬರ್ಕೋ” ಎಂದರು. ಹಿರಿಯರ ಮಾತು. ಬರೆದುಕೊಂಡೆ. ಹಾಗೆ, ವಧುವಿನ ಚಿಕ್ಕಮ್ಮನಿಗೂ ವರನ ಸೋದರತ್ತೆಗೂ ನಡುವೆ, ‘ಶ್ರೀಮತಿ ಗಸಗಸೆ ಮತ್ತು ಮಕ್ಕಳು’ ಬಂದು ನಿಂತರು.

ಮುದ್ರಣಕ್ಕೆ ಮೊದಲು ಕರಡನ್ನು ಎರಡೂ ಕಡೆಯವರಿಗೆ ವಾಟ್ಸಪ್ಪಿನಲ್ಲಿ ಕಳಿಸಿ ತಿದ್ದಿಸಿಕೊಳ್ಳುವುದು ನಮ್ಮ ಪದ್ಧತಿ. ಕಳಿಸಿದೆ. ಅವರು ತಿದ್ದಿದರು. ಒಬ್ಬರ ಹೆಸರಿನ ಮುಂದೆ ‘ನಿವೃತ್ತ’ ತೆಗೆಸಿದರು, ಇನ್ನೊಬ್ಬರದಕ್ಕೆ ‘ಉದ್ಯಮಿ’ ಸೇರಿಸಿದರು, ಛತ್ರದ ಅಡ್ರೆಸ್ಸಿನಲ್ಲಿ ‘ಬಸ್ ಸ್ಟಾಂಡ್ ಎದುರು’ ಎಂಬುದನ್ನು ‘ಹತ್ತಿರ’ ಮಾಡಿಸಿದರು. ಗಸಗಸೆಯವರನ್ನು ಯಾರೂ ಮುಟ್ಟಲಿಲ್ಲ. ಹುಡುಗಿಯ ಕಡೆಯವರು, ಇವರು ಹುಡುಗನ ಕಡೆಯ ಯಾರೋ ಮುಖ್ಯರಾದ ಅತ್ತೆ, ಮನೆಯಲ್ಲಿ ಹಾಗೆ ಕರೆಯುವ ವಾಡಿಕೆ ಇರಬಹುದು, ನಾವು ತೆಗೆಸಿದರೆ ಮದುವೆ ಮುರಿಯುತ್ತದೆ ಎಂದು ಭಾವಿಸಿದರು. ಹುಡುಗನ ಕಡೆಯವರೂ ಅದನ್ನೇ ತಿರುವಿ ಭಾವಿಸಿದರು. ಜೊತೆಗೆ, ಹುಡುಗಿಯ ಕಡೆಯ ಹೆಂಗಸೊಬ್ಬರು ತಮ್ಮ ಸೋದರತ್ತೆಗಿಂತ ಮೇಲಿರುವುದು ಸರಿಯಲ್ಲವೆಂದು ಗಸಗಸೆಯವರನ್ನು ಒಂದು ಸಾಲು ಕೆಳಗಿಳಿಸಲು ಹೇಳಿದರು. ಇಳಿಸಿದೆ. ಆ ಸಾಲನ್ನು ಇಳಿಸುವಾಗಲೂ ನನಗೆ ತಿಳಿಯಲಿಲ್ಲ, ಏಕೆಂದರೆ ಆಗ ಹಾಲು ಉಕ್ಕುತ್ತಿತ್ತು.

ಪತ್ರಿಕೆ ಅಚ್ಚಾಯಿತು, ಅರಿಸಿನ ಹಚ್ಚಿಸಿಕೊಂಡು ಮನೆಮನೆಗೆ ಹೋಯಿತು. ಮದುವೆಗೆ ಒಂದು ವಾರವಿರುವಾಗ, ಉಡುಗೊರೆಯ ಸೀರೆಗಳನ್ನು ಹೆಸರುಹೆಸರಾಗಿ ತೆಗೆದಿಡುತ್ತಿದ್ದ ಹುಡುಗಿಯ ಅಜ್ಜಿ ಅಂಬುಜಮ್ಮನವರು ನನಗೆ ಕರೆಮಾಡಿ, ಬಹಳ ಸಂಕೋಚದಿಂದ, “ತಪ್ಪು ತಿಳ್ಕೋಬೇಡಮ್ಮ, ಅವರನ್ನೇ ಕೇಳಕ್ಕಾಗಲ್ಲ. ಆ ಗಸಗಸೆಯವರಿಗೆ ಎಷ್ಟು ಜನ ಮಕ್ಕಳು?” ಎಂದರು. ನಾನು ನಡೆದುದನ್ನು ಹೇಳಿದೆ. ಅವರು ಫೋನಿನಲ್ಲೇ ಅಳುವವರಂತೆ ನಕ್ಕು, “ಯಾರಿಗೂ ಹೇಳ್ಬೇಡ. ಈಗ ಇಲ್ಲ ಅಂದ್ರೆ, ನಮ್ಮೋರು ಯಾಕೆ ಬರಲಿಲ್ಲ ಅಂತ ಎರಡು ಕಡೇನೂ ಜಗಳ ತೆಗೀತಾರೆ. ಊರಲ್ಲಿ ಇಲ್ಲ ಅಂತ ಹೇಳಿಬಿಡ್ತೀನಿ” ಎಂದರು. ಅವರು ಯಾರಿಗೂ ಹೇಳದ ಕಾರಣ ಆ ಸುದ್ದಿ ಸಂಜೆಯ ಹೊತ್ತಿಗೆ ನಮ್ಮ ಮನೆಗೆ ಬಂತು.

ಬಸವಪ್ರಭುವಿಗೆ ಇನ್ನೇನು ಬೇಕು. “ನೋಡಿದ್ಯಾ ಅಮ್ಮಾ, ಪ್ರೊಫೆಷನಲ್ ಆದೋರು ಹಿಂಗೆ ಮಾಡ್ತಾರಾ?” ಎಂದ. ಪ್ರೊಫೆಷನಲ್ ಆದವರಿಗೆ ಕೆಲಸದ ಮಧ್ಯೆ ಯಾರೂ ಗಸಗಸೆ ಬರೆಸುವುದಿಲ್ಲ ಎಂದು ನಾನು ಹೇಳಿದೆ. ಎರಡೂ ಪಕ್ಷದ ವಾದ ಒಂದೇ ಸಾಕ್ಷ್ಯದ ಮೇಲೆ ನಿಂತಿತ್ತು, ಸಾಕ್ಷಿಯೂ ನ್ಯಾಯಾಧೀಶರೂ ಅತ್ತೆಯೇ ಆಗಿದ್ದರು. ಅವರು ಸಿಪ್ಪೆ ಇದುಕುತ್ತಿದ್ದ ಅವರೆಕಾಳನ್ನು ಬದಿಗಿಟ್ಟು, ತಾವೇ ವಸಿಷ್ಠ ಅವರಿಗೆ ಕರೆಮಾಡಿಸಿ, “ಎರಡರಲ್ಲಿ ದೊಡ್ಡದು ಯಾವುದಪ್ಪಾ? ಅದನ್ನೇ ಹಾಕು. ಬಂದೋರ ಮುಂದೆ ಚಿಕ್ಕದು ಇಟ್ಕೊಂಡಿದಾರೆ ಅನ್ನಿಸ್ಕೋಬಾರ್ದು” ಎಂದರು.

ಹೀಗೆ ಪ್ರೊಫೆಷನಲ್ ಆವೃತ್ತಿ ನಮ್ಮ ಮನೆಗೆ ಬಂತು, ಕುಕ್ಕರು ಕೊಳ್ಳುವಾಗ ದೊಡ್ಡದೇ ಇರಲಿ ಎಂದು ಬಂದ ಹಾಗೆ. ಮತ್ತು ಮಾನ್ಯರೇ, ನನ್ನ ನಿಜವಾದ ದೂರು ಇಲ್ಲಿಂದ ಪ್ರಾರಂಭವಾಗುತ್ತದೆ. ಹೊಸ ಯಂತ್ರವನ್ನು ಮುಂದಿನ ಕೋಣೆಯಲ್ಲಿ, ರಸ್ತೆಯಲ್ಲಿ ಹೋಗುವವರಿಗೆ ಕಾಣುವಂತೆ ಇರಿಸಲಾಯಿತು. ಅದಕ್ಕೆ ವಿಭೂತಿ ಹಚ್ಚಿದರು, ಕ್ರೋಶಾದ ಒಂದು ಹೊದಿಕೆ ಹೊದಿಸಿದರು. ಅದರ ಹತ್ತಿರ ಯಾರೂ ಗಟ್ಟಿಯಾಗಿ ಮಾತಾಡಕೂಡದು, ನೀರಿನ ಲೋಟ ಇಡಕೂಡದು, ಅದು ಬಿಸಿಯಾದರೆ ಫ್ಯಾನು ಹಾಕಬೇಕು. ಎಲ್ಲ ಗೌರವವೂ ಯಂತ್ರಕ್ಕೆ ಸಂದಿತು. ನಾನು ಮಾತ್ರ ಹಿಂದಿನ ಆವೃತ್ತಿಯಲ್ಲೇ ಮುಂದುವರಿದೆ. “ದೊಡ್ಡದೇ ಹಾಕ್ಸಿದೀವಲ್ಲ, ಬೇಗ ಬೇಗ ಆಗುತ್ತೆ. ಅಡುಗೆ ಎಲ್ಲಾ ಮುಗಿಸ್ಕೊಂಡು ಕೂತ್ಕೋ” ಎಂದರು ಅತ್ತೆ. ನಾನು ಅಡುಗೆಮನೆಯಲ್ಲಿರುವ ಅಷ್ಟು ಹೊತ್ತೂ ಯಂತ್ರ ಒಂಟಿಯಾಗಿರಬಾರದೆಂದು ಬಸವಪ್ರಭು ತನ್ನ ಕುರ್ಚಿಯನ್ನೂ ಅಲ್ಲಿಗೇ ತಳ್ಳಲು ಅಳತೆ ತೆಗೆದುಕೊಳ್ಳತೊಡಗಿದ.

ಆದಕಾರಣ ಕೆಳಕಂಡ ವಿಷಯಗಳನ್ನು ತಾವು ದೊಡ್ಡ ಮನಸ್ಸು ಮಾಡಿ ನಡೆಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ. ತಮ್ಮ ಆವೃತ್ತಿಯನ್ನು ಯಂತ್ರಕ್ಕಲ್ಲದೆ ಅದರ ಮುಂದೆ ಕೂರುವವರಿಗೂ ಹಾಕುವ ಅನುಕೂಲ ಮಾಡಿಕೊಡಬೇಕು. ಹಾಕಿದ್ದು ಮನೆಯವರೆಲ್ಲರಿಗೂ ಕಾಣುವಂತೆ ಹಣೆಯ ಮೇಲೆ ಒಂದು ಸಣ್ಣ ದೀಪ ಹೊತ್ತಿದರೂ ಅಡ್ಡಿಯಿಲ್ಲ, ನಾನು ಸೆರಗು ಮುಚ್ಚಿಕೊಳ್ಳುತ್ತೇನೆ. ಕುಕ್ಕರಿನ ಕೂಗುಗಳ ಮಧ್ಯೆ ಪ್ರೊಫೆಷನಲ್ ಆಗಿದ್ದು ಕೂಗಿದಾಗ ಹೋಮ್ ಆಗುವ ಕೋಟ್ಯಂತರ ಜನಕ್ಕಾಗಿ ಒಂದು ಮೂರನೆಯ ಆವೃತ್ತಿಯನ್ನು ಹೊರತರಬೇಕು. ಹೆಸರಿಡುವ ಕೆಲಸವನ್ನು ಅತ್ತೆಗೆ ವಹಿಸಿದರೆ ಅದು ಚಿಕ್ಕದೆನಿಸದಂತೆ ಇಡುತ್ತಾರೆ. ಮಸಾಜ್ ಕುರ್ಚಿಗಳು ಯಾವ ಆವೃತ್ತಿಯೊಂದಿಗೂ ಹೊಂದಿಕೊಳ್ಳುವುದಿಲ್ಲವೆಂದು ತಮ್ಮ ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಸೇರಿಸಬೇಕು. ಮತ್ತು ಮುಂದಿನ ಹೋಲಿಕೆಪಟ್ಟಿಯನ್ನು ಬರೆಯುವ ಮೊದಲು ತಮ್ಮ ಇಂಜಿನಿಯರುಗಳಲ್ಲಿ ಒಬ್ಬರನ್ನು ಅವರೆಕಾಯಿಯ ಕಾಲದಲ್ಲಿ ನಮ್ಮ ಮನೆಗೆ ಕಳಿಸಬೇಕು. ಮೆಜೆಸ್ಟಿಕ್ಕಿನಲ್ಲಿ ಇಳಿದು ಯಾರನ್ನು ಕೇಳಿದರೂ ಚಾಮರಾಜಪೇಟೆ ತೋರಿಸುತ್ತಾರೆ. ಊಟವಸತಿ ನಮ್ಮದು. ಇದುಕುವ ಕೆಲಸ ಅವರದು.

ಪತ್ರವನ್ನು ಇಲ್ಲಿಗೆ ಮುಗಿಸಬೇಕೆಂದಿದ್ದೆ. ಆದರೆ ಇಂದು ಬೆಳಿಗ್ಗೆ ನಡೆದ ಒಂದು ಸಂಗತಿಯನ್ನು ಮುಚ್ಚಿಟ್ಟರೆ ದೂರು ಅಪ್ರಾಮಾಣಿಕವಾಗುತ್ತದೆ. ನಾನು ಒಂದು ಪತ್ರಿಕೆಯ ಮಧ್ಯದಲ್ಲಿದ್ದಾಗ ತಮ್ಮ ಯಂತ್ರವು ತನಗೇನೋ ಅಪ್‌ಡೇಟ್ ಬಂದಿದೆ, ಎಲ್ಲ ನಿಲ್ಲಿಸು ಎಂದಿತು. ಪಕ್ಕದಲ್ಲೇ ‘ಆಮೇಲೆ’ ಎಂಬ ಗುಂಡಿಯನ್ನೂ ತೋರಿಸಿತು. ಒತ್ತಿದೆ. ಅದು ಮುಖ ಊದಿಸಿಕೊಳ್ಳದೆ, ತೌರಿನವರ ವಿಷಯ ಎತ್ತದೆ, ಸುಮ್ಮನೆ ಹಿಂದಕ್ಕೆ ಸರಿಯಿತು. ಇಂಥದೊಂದು ಸಾಧ್ಯವೆಂದು ನನಗೆ ಗೊತ್ತಿರಲಿಲ್ಲ. ಅದೇ ಹೊತ್ತಿಗೆ ಒಳಗಿನಿಂದ ಅತ್ತೆ “ರಂಜಿನೀ, ಸೊಪ್ಪಿನವನು ಬಂದಿದಾನೆ” ಎಂದು ಕೂಗಿದರು. ನಾನು, ಎದ್ದೇಳದೆ, ಕುಳಿತಲ್ಲಿಂದಲೇ, “ಆಮೇಲೆ” ಎಂದೆ.

ಹಜಾರದಲ್ಲಿ ಕುರ್ಚಿಯ ಗುರುಗುರು ಸದ್ದು ನಿಂತಿತು. ಅತ್ತೆ ಬಂದು ಬಾಗಿಲಲ್ಲಿ ನಿಂತು ನನ್ನನ್ನೂ ಪರದೆಯನ್ನೂ ನೋಡಿದರು. “ಎಷ್ಟೊತ್ತಾಗುತ್ತೆ?” ಎಂದರು. ಇದು ಮುಗಿಯುವವರೆಗೆ ಎಂದೆ. ಅವರು ಒಳಬಂದು, ಕನ್ನಡಕ ಸರಿಮಾಡಿಕೊಂಡು, ಪರದೆಯ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿ, “ಸೋದರಮಾವನ್ನ ತಗೊಂಡು ಹೋಗಿ ಅಷ್ಟು ಕೆಳಗೆ ಹಾಕಿದೀಯಲ್ಲೇ, ಮದುವೆ ನಡೀಬೇಕೋ ಬೇಡ್ವೋ?” ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಮೇಲೆ ತಂದೆ. ಅವರು ಹೊರಗೆ ಹೋಗಿ, ನಾನು ಮದುವೆಯಾಗಿ ಬಂದಂದಿನಿಂದ ಯಾರೂ ಮುಚ್ಚಿರದ ಆ ಬಾಗಿಲನ್ನು ಎಳೆದುಕೊಂಡರು. ಬಸವಪ್ರಭು “ಏನಮ್ಮಾ, ಅತ್ತಿಗೆ ಬರಲ್ವಂತಾ?” ಎಂದು ಕೇಳಿದ್ದೂ, ಅವರು ಕೊಟ್ಟ ಉತ್ತರವೂ ಬಾಗಿಲಿನ ಸಂದಿಯಿಂದ ಸ್ಪಷ್ಟವಾಗಿ ಕೇಳಿಸಿತು:

“ಒಳಗೆ ಅಪ್‌ಡೇಟ್ ಆಗ್ತಾ ಇದೆ. ಮಧ್ಯದಲ್ಲಿ ಮುಟ್ಟಿದ್ರೆ ಕೆಟ್ಟೋಗುತ್ತೆ. ನೀನೇ ಎದ್ದು ಹೋಗಿ ಸೊಪ್ಪು ತಗೊಂಡು ಬಾ.”

ಆದ್ದರಿಂದ ಮೇಲಿನ ಬೇಡಿಕೆಗಳನ್ನು ತಾವು ಈಡೇರಿಸದೆ ಹೋದರೂ ನಡೆಯುತ್ತದೆ. ಸದ್ಯಕ್ಕೆ ಏನನ್ನೂ ಬದಲಾಯಿಸಬೇಡಿ ಎಂದಷ್ಟೇ ಕೋರುತ್ತೇನೆ. ಜನಕ್ಕೆ ಒಂದು ಅಭ್ಯಾಸವಾಗುತ್ತಿರುವಾಗಲೇ ಅದನ್ನು ಬೇರೆ ಜಾಗಕ್ಕೆ ಎತ್ತಿಡುವ ರೂಢಿ ತಮಗಿದೆಯೆಂದು ಬಲ್ಲವರು ಹೇಳುತ್ತಾರೆ.

ಮುಚ್ಚಿದ ಬಾಗಿಲಿನ ಈಚೆಯಿಂದ,
ತಮ್ಮ ವಿಶ್ವಾಸಿ,
ಶಿವರಂಜಿನಿ
ಚಾಮರಾಜಪೇಟೆ, ಬೆಂಗಳೂರು

ಮರೆತ ಮಾತು: ಇಷ್ಟು ಬರೆಯುವಷ್ಟರಲ್ಲಿ ತಮ್ಮ ಯಂತ್ರವು ನನ್ನನ್ನು ಇನ್ನೊಂದು ಪ್ರಶ್ನೆ ಕೇಳಿದೆ, ಇದನ್ನು ನಿಮ್ಮ ಬಂಧುಮಿತ್ರರಿಗೆ ಶಿಫಾರಸು ಮಾಡುವಿರಾ ಎಂದು. ಮಿತ್ರರಿಗೆ ಧಾರಾಳವಾಗಿ ಮಾಡುತ್ತೇನೆ. ಬಂಧುಗಳ ವಿಷಯದಲ್ಲಿ, ದಾವಣಗೆರೆಯವರೊಬ್ಬರಿಗೆ ಹೋಮ್ ಆವೃತ್ತಿಯೇ ಸಾಕು ಎಂದು ನನ್ನ ಖಚಿತ ಅಭಿಪ್ರಾಯ. ಅಲ್ಲಿಂದ ಬೇರೆಯವರ ಯಂತ್ರದೊಳಗೆ ಹೋಗುವ ಸೌಲಭ್ಯವನ್ನೂ ಅದರಿಂದ ತೆಗೆದುಹಾಕಲು ಬರುವುದೇ ಎಂಬುದನ್ನು ಮರುಟಪಾಲಿನಲ್ಲಿ ತಿಳಿಸುವುದು.